ವರ್ಣವೂ ವ್ಯಾಪಾರವೂ: ಲೋಹ-ಸಾವಯವ ಪಂಜರಗಳಲ್ಲಿ ದೃಶ್ಯಪ್ರಕಾಶದ ಉಪಯೋಗ

ಸಂಸ್ಕೃತದ 'ಹೃ' ಧಾತುವು ಒಂದೇ ಆದರೂ ಆಹಾರ, ವಿಹಾರ, ಪ್ರಹಾರ, ಸಂಹಾರಗಳಲ್ಲಿ ಉಪಸರ್ಗಬಲದಿಂದ ಅರ್ಥವು ಎಲ್ಲಿಂದೆಲ್ಲಿಗೋ ಹೋಗುವುದನ್ನು ನಾವೆಲ್ಲರೂ ಬಾಲ್ಯದಿಂದಲೇ ಬಲ್ಲೆವು. ರಸಾಯನಶಾಸ್ತ್ರದಲ್ಲಿಯೂ ಇದನ್ನು ಹೋಲುವ ಸಂಗತಿಯೊಂದುಂಟು. ಅಲ್ಪವಾದ ಅಣುಗುಂಪೊಂದು ಸೇರಿದ ಮಾತ್ರಕ್ಕೆ ಬಿಳಿಯ ಪುಡಿಯು ಹಳದಿಯಾಗಿ, ಕಣ್ಣಿಗೆ ಕಾಣುವ ಬೆಳಕಿನಿಂದಲೇ ಕಾರ್ಯಸಮರ್ಥವಾಗುವುದು. ಅದರ ಬಗೆಯನ್ನು ಇಲ್ಲಿ ನಿರೂಪಿಸುವೆನು.

೧೯೭೨ರಲ್ಲಿ ಜಪಾನಿನ ಫುಜಿಷಿಮಾ, ಹೋಂಡಾ ಎಂಬ ವಿದ್ವಾಂಸರು ಟೈಟೇನಿಯಂ ಡೈಆಕ್ಸೈಡಿನ ಮೇಲೆ ಬೆಳಕನ್ನು ಬೀಳಿಸಿ ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆಯಬಹುದೆಂದು ಪ್ರಕಟಿಸಿದರು. ಇಂತಹ ಘನವಸ್ತುವಿನಲ್ಲಿ ಇಲೆಕ್ಟ್ರಾನುಗಳಿಂದ ತುಂಬಿದ ಕೆಳಗಣ ಶಕ್ತಿಸ್ತರವೊಂದು, ಬರಿದಾದ ಮೇಲಣ ಸ್ತರವೊಂದು, ನಡುವೆ ಒಂದು ಅಂತರ ಇರುವುವು. ಆ ಅಂತರವನ್ನು ದಾಟಿಸುವಷ್ಟು ಶಕ್ತಿಯು ಬೆಳಕಿನಲ್ಲಿದ್ದರೆ ಇಲೆಕ್ಟ್ರಾನು ಮೇಲೇರಿ ಅಪಕರ್ಷಣವನ್ನೂ, ಅದು ಬಿಟ್ಟುಹೋದ ತೆರವು ಉತ್ಕರ್ಷಣವನ್ನೂ ನಡೆಯಿಸುವುವು. ಇದೇ ದ್ಯುತಿವೇಗವರ್ಧನದ ಮರ್ಮ. ಟೈಟೇನಿಯಂ ಡೈಆಕ್ಸೈಡಿನ ಅನಟೇಸ್ ರೂಪದಲ್ಲಿ ಈ ಅಂತರವು ಸುಮಾರು ೩.೨ ಇಲೆಕ್ಟ್ರಾನ್ ವೋಲ್ಟು. ಆದುದರಿಂದ ೩೮೮ ನ್ಯಾನೊಮೀಟರಿಗಿಂತ ಕಿರಿದಾದ ಅತಿನೇರಳೆ ಕಿರಣಗಳೇ ಬೇಕು. ನೆಲವನ್ನು ಮುಟ್ಟುವ ಬಿಸಿಲಿನಲ್ಲಿ ಅತಿನೇರಳೆಯ ಪಾಲು ನೂರಕ್ಕೆ ಐದರಷ್ಟು ಮಾತ್ರ. ಉಳಿದುದೆಲ್ಲ ವ್ಯರ್ಥ.

ಲೋಹಪರಮಾಣುಗಳ ಗುಚ್ಛಗಳನ್ನು ಸಾವಯವ ಅಣುಗಳೆಂಬ ತೊಲೆಗಳಿಂದ ಜೋಡಿಸಿದ ಸ್ಫಟಿಕಗಳು ಈ ಪ್ರಸಂಗದಲ್ಲಿ ಪ್ರವೇಶಿಸುವುವು. ಒಮರ್ ಯಾಘಿಯವರು ೧೯೯೯ರಲ್ಲಿ ಸತುವಿನ ಗುಚ್ಛಗಳಿಂದ ಇಂತಹದೊಂದನ್ನು ಪ್ರಕಟಿಸಿದರು. ೨೦೨೫ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಅವರಿಗೂ, ಕಿಟಗಾವ, ರಾಬ್ಸನ್ ಎಂಬಿಬ್ಬರಿಗೂ ಸಂದಿತು. ಪತ್ರಿಕೆಗಳು ಇವನ್ನು 'ಚೌಕಟ್ಟು' ಎನ್ನುತ್ತವೆ. ಬಾಗಿಲವಾಡವನ್ನು ನೆನಪಿಗೆ ತರುವ ಆ ಶಬ್ದಕ್ಕಿಂತ, ಒಳಗಣ ಅವಕಾಶವನ್ನು ಸೂಚಿಸುವ 'ಪಂಜರ'ವೇ ಲೇಸೆಂದು ನನ್ನ ಮತ.

೨೦೦೯ರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾದ ಮಿಲ್-೧೨೫ ಎಂಬ ಪಂಜರದಲ್ಲಿ ಎಂಟೆಂಟು ಟೈಟೇನಿಯಂ ಪರಮಾಣುಗಳ ಗುಚ್ಛಗಳಿವೆ. ಅದರ ತೊಲೆಯು ಪಾಲಿಯೆಸ್ಟರ್ ಬಟ್ಟೆಗೆ ಮೂಲವಾದ ಟೆರೆಫ್ತಾಲಿಕ್ ಆಮ್ಲದಿಂದಾದುದು. ಅಂತರವು ಸುಮಾರು ೩.೬ ಆದುದರಿಂದ ಪುಡಿಯು ಬಿಳುಪು. ಆ ತೊಲೆಗೆ ಅಮೈನೋ ಗುಂಪೊಂದನ್ನು ಸೇರಿಸಿದರೆ, ಸಾರಜನಕದಲ್ಲಿರುವ ಬಂಧರಹಿತ ಇಲೆಕ್ಟ್ರಾನುಗಳ ಜೋಡಿಯು ತುಂಬಿದ ಸ್ತರವನ್ನು ಮೇಲಕ್ಕೆತ್ತುವುದು. ಟೈಟೇನಿಯಂನ ಬರಿಯ ಸ್ತರವು ಬಹುಮಟ್ಟಿಗೆ ಇದ್ದಲ್ಲಿಯೇ ಇರುವುದು. ಅಂತರವು ೨.೬ರ ಸಮೀಪಕ್ಕೆ ಇಳಿದು ಪುಡಿಯು ಹೊಂಬಣ್ಣ ತಾಳುವುದು. ೨೦೧೨ರಲ್ಲಿ ಚೀನದ ಫುಝೌ ನಗರದ ಸಂಶೋಧಕರು ಇದನ್ನು ಟ್ರೈಎಥನಾಲಮೈನ್ ಬೆರೆತ ದ್ರಾವಣದಲ್ಲಿಟ್ಟು ದೃಶ್ಯಪ್ರಕಾಶಕ್ಕೊಡ್ಡಿದಾಗ ಹಳದಿಯು ಹಸುರಾಯಿತು. ಇಲೆಕ್ಟ್ರಾನು ತೊಲೆಯಿಂದ ಲೋಹಕ್ಕೆ ಸಾಗಿ, ಟೈಟೇನಿಯಂ ನಾಲ್ಕರ ಸ್ಥಿತಿಯಿಂದ ಮೂರಕ್ಕಿಳಿದುದರ ಕುರುಹು ಅದು. ಇಂಗಾಲದ ಡೈಆಕ್ಸೈಡನ್ನು ಹಾಯಿಸಲು ಹಳದಿಯು ಮರಳಿತು. ಆ ಅನಿಲವು ಫಾರ್ಮೇಟಾಯಿತು. ಇಷ್ಟು ವಿಶದವಾಗಿ ತನ್ನ ನಡೆಯನ್ನು ತಾನೇ ಬಣ್ಣದಿಂದ ತೋರಿಸಿಕೊಡುವ ವಸ್ತುಗಳು ವಿರಳ.

ಆದರೆ ವರ್ಣವಿದ್ದಲ್ಲೆಲ್ಲ ವ್ಯಾಪಾರವಿರುವುದೆಂದು ಅನುಮಾನಿಸುವುದು ವ್ಯಭಿಚರಿತ ಹೇತು. ಆಸ್ಲೋ ನಗರದಲ್ಲಿ ೨೦೦೮ರಲ್ಲಿ ರೂಪುಗೊಂಡ ಜಿರ್ಕೋನಿಯಂ ಪಂಜರ ಯುಐಓ-೬೬ಕ್ಕೂ ಇದೇ ಅಮೈನೋ ತೊಲೆಯನ್ನು ಕೂಡಿಸಬಹುದು; ಅದೂ ಹಳದಿಯಾಗುವುದು. ಆದರೆ ಜಿರ್ಕೋನಿಯಂನ ಬರಿಯ ಸ್ತರವು ತೊಲೆಯ ಬರಿಯ ಸ್ತರಕ್ಕಿಂತ ಎತ್ತರದಲ್ಲಿರುವುದರಿಂದ ಎದ್ದ ಇಲೆಕ್ಟ್ರಾನು ಲೋಹವನ್ನು ಸೇರದೆ ತೊಲೆಯಲ್ಲಿಯೇ ಸುಳಿದಾಡುವುದು. ಅದು ಲೋಹಕ್ಕೆ ಸಾಗುವುದೆಂದೇ ಮೊದಲಿನ ಕೆಲವು ಪ್ರಬಂಧಗಳು ವಾದಿಸಿದ್ದುವು. ಬಳಿಕದ ಗಣನೆಗಳು ಅದನ್ನು ಒಪ್ಪಲಿಲ್ಲ. ಅದೇ ಕಟ್ಟಡದಲ್ಲಿ ಜಿರ್ಕೋನಿಯಂಗೆ ಬದಲಾಗಿ ಸೀರಿಯಂ ಇದ್ದರೆ, ಅದರ ಬರಿಯ ಕಕ್ಷೆಗಳು ಕೆಳಗಿರುವುದರಿಂದ, ಸಾಗಾಟವು ಸುಕರ. ಉಪಸರ್ಗದೊಡನೆ ಧಾತುವನ್ನೂ ನೋಡಬೇಕಲ್ಲವೆ!

ಅಂತರವನ್ನು ಎಷ್ಟಾದರೂ ಕುಗ್ಗಿಸಬಹುದೆಂದೂ ತಿಳಿಯಬಾರದು. ನೀರನ್ನು ಒಡೆಯಲು ಕನಿಷ್ಠ ೧.೨೩ ವೋಲ್ಟಿನ ಅಂತರವಾದರೂ ಬೇಕು. ತುಂಬಿದ ಸ್ತರವು ಮೇಲೇರಿದಷ್ಟೂ ತೆರವಿನ ಉತ್ಕರ್ಷಣಶಕ್ತಿಯು ಕುಂದುವುದು. ಬಿಸಿಲಿನಿಂದ ಇಂಧನವು ಕೈಗೆ ಬಂದಿತೆಂದು ವಿದ್ಯಾರ್ಥಿಗಳಿಗೆ ಹೇಳುವ ಅಧ್ಯಾಪಕರು ಇನ್ನೊಂದನ್ನೂ ಗಮನಿಸಬೇಕು. ಮೇಲ್ಕಂಡ ಪ್ರಯೋಗದಲ್ಲಿ ಹತ್ತು ಗಂಟೆಗಳಿಗೆ ದೊರೆತ ಫಾರ್ಮೇಟು ಒಂದು ಮಿಲಿಗ್ರಾಮಿಗೂ ಕಡಿಮೆ. ತೆರವನ್ನು ತುಂಬಲು ಇಲೆಕ್ಟ್ರಾನನ್ನು ಕೊಟ್ಟು ತಾನು ನಷ್ಟವಾದುದು ಟ್ರೈಎಥನಾಲಮೈನು, ನೀರಲ್ಲ. ಈ ಹವಿಸ್ಸನ್ನು ಬಿಟ್ಟು, ನೀರಿನಿಂದಲೇ ಆ ಇಲೆಕ್ಟ್ರಾನನ್ನು ಪಡೆಯುವ ಪಂಜರವನ್ನು ಕಟ್ಟುವ ಯತ್ನವು ಈಗಲೂ ನಡೆದಿದೆ.