ಸಿ.ಐ.ಡಿ. 999: ಯಾವುದು ಮೊದಲು, ಯಾವುದು ಆಮೇಲೆ?

ಮೊಳಕಾಲ್ಮೂರಿನ ನೇಕಾರನಿಗೆ ಕ್ರಮವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸು ಸಿದ್ಧವಾಗದೆ ಹೊಕ್ಕಿಗೆ ಎಡೆಯಿಲ್ಲ. ಅಂಚಿನ ಒಂದೆಳೆ ಸ್ಥಾನಪಲ್ಲಟವಾದರೂ ರೇಷ್ಮೆಯ ಸೀರೆಯ ಮೇಲಿನ ಹೂವು ಹೂವಾಗಿ ಉಳಿಯದು. ಆದರೆ ಅದೇ ನೇಕಾರನು ಸಂಜೆ ಮಗ್ಗದಿಂದೆದ್ದು ಚಲನಚಿತ್ರ ನೋಡಲು ಹೊರಟನೆಂದರೆ ಕ್ರಮದ ಮಾತು ಅಲ್ಲಿಗೆ ಮುಗಿದಂತೆಯೇ ಆಗಿತ್ತು. 1960ರ ದಶಕದಲ್ಲಿ ತಾಲ್ಲೂಕು ಕೇಂದ್ರದ ಚಿತ್ರಮಂದಿರಕ್ಕಾಗಲಿ ಸಂಚಾರಿ ಡೇರೆಗಾಗಲಿ ಯಾವ ಚಿತ್ರ ಯಾವಾಗ ಬರುವುದೆಂಬುದು ತಯಾರಕರ ಕೈಯಲ್ಲಿರಲಿಲ್ಲ. ಪ್ರೇಕ್ಷಕರ ಕೈಯಲ್ಲಂತೂ ಇರಲೇ ಇಲ್ಲ. ಒಂದು ಚಿತ್ರಕ್ಕೆ ತೆಗೆಸುತ್ತಿದ್ದ ಪ್ರತಿಗಳು ಕೆಲವೇ. ಅವು ಮೊದಲು ಬೆಂಗಳೂರಿನಲ್ಲಿ ಓಡಿ, ಆಮೇಲೆ ಜಿಲ್ಲಾ ಕೇಂದ್ರಗಳಲ್ಲಿ ಓಡಿ, ಮೈಯೆಲ್ಲ ಗೀರುಬಿದ್ದು, ಅಲ್ಲಲ್ಲಿ ಹರಿದು ಅಂಟಿಸಿಕೊಂಡ ಮೇಲೆ, ತಗಡಿನ ಪೆಟ್ಟಿಗೆಯಲ್ಲಿ ಕುಳಿತು ಬಸ್ಸಿನ ಮೂಲಕ ಚಳ್ಳಕೆರೆ, ಮೊಳಕಾಲ್ಮೂರುಗಳಂಥ ಊರುಗಳನ್ನು ತಲಪುತ್ತಿದ್ದುವು. ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗಿ ಬಂದರೆ ಅದರಲ್ಲಿ ಸೋಜಿಗವೇನೂ ಇರಲಿಲ್ಲ.

ಇಂದು ಆ ಡೇರೆಯಿಲ್ಲ, ತಗಡಿನ ಪೆಟ್ಟಿಗೆಯೂ ಇಲ್ಲ. ಹಳೆಯ ಚಿತ್ರಗಳು ಮನೆಯ ದೂರದರ್ಶನಕ್ಕೆ, ಅಲ್ಲಿಂದ ಅಂಗೈಯ ಫೋನಿಗೆ ಬಂದು ಕುಳಿತಿವೆ. ಬಂದುದನ್ನು ನೋಡುವ ಕಾಲ ಹೋಗಿ, ಬೇಕಾದುದನ್ನು ನೋಡುವ ಕಾಲ ಬಂದಿದೆ. ಆದುದರಿಂದಲೇ ಹಿಂದೆ ಹುಟ್ಟದಿದ್ದ ಒಂದು ಪ್ರಶ್ನೆ ಈಗ ಹುಟ್ಟಿದೆ: ರಾಜಕುಮಾರ್ ಅವರ ಸಿ.ಐ.ಡಿ. 999 ಸಾಲಿನ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ಈ ಸಾಲಿನಲ್ಲಿರುವುದು ನಾಲ್ಕೇ ಚಿತ್ರಗಳು. 'ಜೇಡರ ಬಲೆ' 1968ರದು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999' ಬಂದಿತು, 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಅನಂತರ ಒಂಬತ್ತು ವರ್ಷಗಳ ದೀರ್ಘ ಮೌನ. 1978ರಲ್ಲಿ 'ಆಪರೇಷನ್ ಡೈಮಂಡ್ ರ‍್ಯಾಕೆಟ್'. ನಾಲ್ಕನ್ನೂ ನಿರ್ದೇಶಿಸಿದವರು ದೊರೈ–ಭಗವಾನ್ ಜೋಡಿ. ನಾಲ್ಕಕ್ಕೂ ಸಂಗೀತ ಜಿ.ಕೆ. ವೆಂಕಟೇಶ್ ಅವರದು.

ಸಂಖ್ಯೆಯನ್ನು ನೋಡಿದೊಡನೆಯೇ ಇದರ ಮೂಲ ಯಾವುದೆಂದು ವಾಚಕರು ಊಹಿಸಿಯೇ ಇರುತ್ತಾರೆ. ಜೇಮ್ಸ್ ಬಾಂಡನ 007 ಎಂಬ ಅಂಕಿ 1962ರ 'ಡಾಕ್ಟರ್ ನೋ' ಚಿತ್ರದಿಂದ ಜಗತ್ತಿನ ತೆರೆಗಳನ್ನೆಲ್ಲ ಏರಿತ್ತು. ಆ ಸಾಲಿನಲ್ಲಿ 2021ರ ವರೆಗೆ 25 ಚಿತ್ರಗಳು ಬಂದಿವೆ; ಅವುಗಳ ಕ್ರಮದ ಬಗೆಗೆ ನಡೆದ ವಾದಗಳಿಗೆ ಲೆಕ್ಕವಿಲ್ಲ. ವಾದಕ್ಕೆ ಕಾರಣವೂ ಉಂಟು. ಬಾಂಡನ ಮೊದಲ ಕಾದಂಬರಿ 'ಕ್ಯಾಸಿನೋ ರಾಯಲ್' 1953ರಲ್ಲಿಯೇ ಅಚ್ಚಾದರೂ ಈ ಮುಖ್ಯ ಸಾಲಿನಲ್ಲಿ ಅದು ಚಿತ್ರವಾದುದು 2006ರಲ್ಲಿ. ಅಂದರೆ ಮೊದಲ ಕಥೆ ಇಪ್ಪತ್ತೊಂದನೆಯ ಚಿತ್ರವಾಯಿತು! ಅಲ್ಲಿಂದ ಮುಂದಿನ ಐದು ಚಿತ್ರಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಧಾರಾವಾಹಿಯ ಒಂದು ಕಂತನ್ನು ತಪ್ಪಿಸಿಕೊಂಡ ಓದುಗರ ತಳಮಳ ಅವನ್ನು ಹಿಂದುಮುಂದಾಗಿ ನೋಡಿದವರಿಗೂ ತಪ್ಪಿದ್ದಲ್ಲ.

ನಮ್ಮ 999ಕ್ಕೆ ಅಂಥ ತೊಡಕಿಲ್ಲ. ಒಂದರ ಕಥೆ ಇನ್ನೊಂದರಲ್ಲಿ ಮುಂದುವರಿಯುವುದಿಲ್ಲ. ನಾಯಿಕೆಯರೂ ಪ್ರತಿಸಲ ಬೇರೆ: ಮೊದಲನೆಯದರಲ್ಲಿ ಜಯಂತಿ, ಎರಡನೆಯದರಲ್ಲಿ ಲಕ್ಷ್ಮಿ, ಮೂರನೆಯದರಲ್ಲಿ ರೇಖಾ, ನಾಲ್ಕನೆಯದರಲ್ಲಿ ಪದ್ಮಪ್ರಿಯ. ಹಾಗಿದ್ದ ಮೇಲೆ ಯಾವುದನ್ನು ಮೊದಲು ನೋಡಿದರೇನು ಎಂದು ಕೇಳಬಹುದು. ಕಥೆಯ ಮಟ್ಟಿಗೆ ಅದು ಸರಿಯಾದ ಮಾತು. ಪೆಟ್ಟಿಗೆ ಬಂದಂತೆ ಚಿತ್ರ ನೋಡಿದ ತಾಲ್ಲೂಕಿನ ಪ್ರೇಕ್ಷಕರಿಗೆ ಕಥೆಯಲ್ಲಿ ನಷ್ಟವಾಗದಂತೆ ಅಂದಿನ ತಯಾರಕರು ನೋಡಿಕೊಂಡಿದ್ದರು. ಆದರೆ ಈ ಚಿತ್ರಗಳಲ್ಲಿ ಕಥೆಯ ಹೊರತಾಗಿ ಬೆಳೆಯುವ ವಸ್ತು ಒಂದಿದೆ, ಅದು ರಾಜಕುಮಾರ್. ಕ್ರಮ ಬೇಕಾಗಿರುವುದು ಅವರಿಗಾಗಿ.

ಇಂದಿನ ತರುಣರು ಈ ಸಾಲಿಗೆ ಬರುವುದು ಬಹುಮಟ್ಟಿಗೆ ನಾಲ್ಕನೆಯ ಚಿತ್ರದಿಂದ. ಅದರಲ್ಲಿರುವ, ಇಂಗ್ಲಿಷ್ ಸಾಲುಗಳ ಆ ಪ್ರಸಿದ್ಧ ಪ್ರೇಮಗೀತೆಯೇ ಅದಕ್ಕೆ ಕಾರಣ. ಚಿತ್ರ ಬಂದು ದಶಕಗಳಾದ ಮೇಲೆ ಆ ಗೀತೆಗೆ ಫೋನುಗಳಲ್ಲಿ ಪುನರ್ಜನ್ಮವಾಯಿತು. ಹುಡುಗರು ಅದನ್ನು ಹಾಡುತ್ತಾರೆ, ಅನುಕರಿಸುತ್ತಾರೆ, ನಗುತ್ತಾರೆ. ಆ ನಗುವಿನಲ್ಲಿ ಕೇಡೇನೂ ಇಲ್ಲ. ಆದರೆ 999ನ್ನು ಮೊದಲು ವಿನೋದವಾಗಿ ಕಂಡವನು ಅಲ್ಲಿಂದ ಹಿಂದಕ್ಕೆ ಸರಿದು ಕಪ್ಪು-ಬಿಳುಪಿನ 'ಜೇಡರ ಬಲೆ'ಯನ್ನು ಹಾಕಿಕೊಂಡರೆ ಹತ್ತು ನಿಮಿಷ ಕೂರಲಾರ. ಪಕ್ಕದಲ್ಲಿಯೇ ಕುಳಿತ ಅಜ್ಜನ ಕಣ್ಣು ಅದೇ ಚಿತ್ರದಲ್ಲಿ ಏನನ್ನು ಕಂಡು ಅರಳುತ್ತಿದೆಯೆಂಬುದು ಅವನಿಗೆ ತಿಳಿಯುವುದೂ ಇಲ್ಲ. ಚಳ್ಳಕೆರೆಯ ಹುಡುಗನಿಗಂತೂ ಯಂತ್ರ, ವಿಮಾನಗಳ ಚಮತ್ಕಾರ ದೊಡ್ಡದಾಗಿ ಕಾಣುವುದು ಕಷ್ಟ. ಅವನ ತಾಲ್ಲೂಕಿನ ಹುಲ್ಲುಗಾವಲಿನಲ್ಲಿಯೇ ವಿಮಾನ ಪರೀಕ್ಷಾ ಕೇಂದ್ರವೊಂದು ಎದ್ದಿದೆ. 2023 ಮತ್ತು 2024ರಲ್ಲಿ ಆಕಾಶಯಾನದ ಮಾದರಿ ವಾಹನವೊಂದು ಚಾಲಕನಿಲ್ಲದೆ ಅಲ್ಲಿಯ ಓಡುದಾರಿಯ ಮೇಲೆ ತಾನಾಗಿ ಬಂದಿಳಿದಿದೆ. ಕುರಿ ಮೇಯುತ್ತಿದ್ದ ಕಾವಲಿಗೆ ಬೇಲಿ ಬಿದ್ದುದನ್ನು ಹಿರಿಯರು ಇನ್ನೂ ಮರೆತಿಲ್ಲವೆಂಬುದು ಬೇರೆಯ ಮಾತು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ವಿಚಿತ್ರವೆನಿಸಿದರೂ, 999 ಇಲ್ಲದ ಒಂದು ಚಿತ್ರದಿಂದ. 1954ರ 'ಬೇಡರ ಕಣ್ಣಪ್ಪ' ರಾಜಕುಮಾರ್ ನಾಯಕರಾದ ಮೊದಲ ಚಿತ್ರ. ಮ್ಯಾಸಬೇಡರ ಹಟ್ಟಿಗಳು ಹಬ್ಬಿರುವ ಈ ಎರಡು ತಾಲ್ಲೂಕುಗಳಲ್ಲಿ ಬೇಟೆಗಾರ ಭಕ್ತನ ಕಥೆಗೆ ಪೀಠಿಕೆ ಬೇಕಾಗಿಲ್ಲ. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷಗಳ ಕಾಲ ಆ ನಟನನ್ನು ಜನ ಭಕ್ತನಾಗಿ, ರಾಜನಾಗಿ, ಸಂತನಾಗಿ ಕಂಡರು. ಸಾಮಾಜಿಕ ಚಿತ್ರಗಳಲ್ಲಿಯೂ ಕಂಡರು, ನಿಜ. 1964ರ 'ಚಂದವಳ್ಳಿಯ ತೋಟ' ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ತ.ರಾ.ಸು. ಅವರ ಕಾದಂಬರಿಯೇ. ಆದರೆ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಅಂಕಿಯೊಂದನ್ನೇ ಹೆಸರಾಗಿಸಿಕೊಂಡ ರಾಜಕುಮಾರ್ ಮೊದಲು ಕಂಡದ್ದು 1968ರಲ್ಲಿ, ಮೂವತ್ತೊಂಬತ್ತರ ಪ್ರಾಯದಲ್ಲಿ. ಕಣ್ಣಪ್ಪನನ್ನು ನೋಡಿ ಒಂದೆರಡು ದಿನ ಬಿಟ್ಟು 'ಜೇಡರ ಬಲೆ' ನೋಡಿದವರಿಗೆ ಅಂದಿನ ಪ್ರೇಕ್ಷಕರ ಬೆರಗು ಅಲ್ಪಸ್ವಲ್ಪವಾದರೂ ದಕ್ಕೀತು.

ಆದ್ದರಿಂದ ಎರಡನೆಯ ಸ್ಥಾನ 'ಜೇಡರ ಬಲೆ'ಗೆ. ದೊರೈ–ಭಗವಾನ್ ಎಂಬ ಜೋಡಿ ಹೆಸರು ತೆರೆಯ ಮೇಲೆ ಮೂಡಿದುದೂ ಇದರಿಂದಲೇ. ದೊರೈರಾಜ್ ಮೂಲತಃ ಛಾಯಾಗ್ರಾಹಕರು. ಚಿತ್ರದ ಹೆಸರಿನಲ್ಲಿ ಮೊಳಕಾಲ್ಮೂರಿನವರು ಮಾತ್ರ ಸವಿಯಬಹುದಾದ ಒಂದು ಸ್ವಾರಸ್ಯವೂ ಇದೆ. ಬಲೆ ಕಟ್ಟುವ ಹುಳುವೂ ಜೇಡ. ಬಟ್ಟೆ ನೇಯುವವನೂ ಜೇಡ. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಈ ಎರಡನೆಯ ಅರ್ಥವೇ ಅಲ್ಲವೇ?

ಇಲ್ಲಿ ಗಡಿಯವರಿಗೆ ಒಂದು ಮಾತು. ಮೊಳಕಾಲ್ಮೂರಿಗೆ ಆಂಧ್ರದ ರಾಯದುರ್ಗ ಕೂಗಳತೆಯಲ್ಲಿದೆ. ಈ ಸೀಮೆಯಲ್ಲಿ ತೆಲುಗು ಮನೆಮಾತಾದ ಕುಟುಂಬಗಳು ಅನೇಕ. ತೆಲುಗಿನಲ್ಲಿ ಕೃಷ್ಣ ನಟಿಸಿದ 'ಗೂಢಚಾರಿ 116' 1966ರಲ್ಲಿಯೇ ಬಂದಿತ್ತು. ಎರಡೂ ಭಾಷೆ ಬಲ್ಲವರು ಅದನ್ನು 'ಜೇಡರ ಬಲೆ'ಗೆ ಮುಂಚೆ ಇರಿಸಿಕೊಂಡರೆ ತಪ್ಪಿಲ್ಲ. ಬಾಂಡನ ಚಿತ್ರಗಳು ಅಂದು ಇಂಗ್ಲಿಷಿನಲ್ಲಿ ಮಾತ್ರ, ಅದೂ ಪಟ್ಟಣದವರ ಪಾಲಿಗೆ. ಹಳ್ಳಿಯ ಪ್ರೇಕ್ಷಕನಿಗೆ 116 ಮತ್ತು 999 ನಕಲುಗಳಾಗಿರಲಿಲ್ಲ. ಅವನಿಗೆ ಅವೇ ಮೂಲ.

ಮೂರನೆಯದು ಗೋವೆಯ ಚಿತ್ರ. ಪೋರ್ಚುಗೀಸರ ಕೈಯಿಂದ ಗೋವೆ ಬಿಡುಗಡೆಯಾದುದು 1961ರ ಡಿಸೆಂಬರಿನಲ್ಲಿ. ಏಳೇ ವರ್ಷಗಳ ಹಿಂದೆ ಪರದೇಶವಾಗಿದ್ದ ನೆಲದ ಹೆಸರನ್ನು ಭಿತ್ತಿಪತ್ರದಲ್ಲಿ ಕಾಣುವುದೇ ಅಂದು ಒಂದು ಸಾಹಸ. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಕಾಣುವ ಸೀಮೆಯಲ್ಲಿ, ಶೇಂಗಾ ಹೊಲದಿಂದ ನೇರವಾಗಿ ಬಂದು ನೆಲದ ಮೇಲೆ ಕುಳಿತವರಿಗೆ, ಕಡಲ ತೀರದ ಊರೊಂದರ ಹೆಸರು ಎಷ್ಟು ತಂಪಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ. ಲಕ್ಷ್ಮಿಯವರ ಕನ್ನಡ ಪ್ರವೇಶವೂ ಇದೇ. ಈ ಚಿತ್ರದ ಬೆನ್ನಿಗೇ, ಬಿಸಿ ಆರುವ ಮುನ್ನ, 'ಜಾಕ್‌ಪಾಟ್'ಅನ್ನು ನೋಡಿಬಿಡಬೇಕು. ಅಲ್ಲಿ ನಾಯಿಕೆಯಾಗಿರುವ ರೇಖಾಗೆ ಆಗ ಹದಿನೈದೂ ಸರಿಯಾಗಿ ತುಂಬಿರಲಿಲ್ಲವೇನೋ. ಹುಟ್ಟಿದುದು 1954ರ ಅಕ್ಟೋಬರಿನಲ್ಲಿ. ಮರುವರ್ಷವೇ ಆಕೆ ಹಿಂದಿಗೆ ಹೊರಟುಹೋದಳು.

ಇನ್ನು ನಿಲ್ಲಬೇಕು. ನಾಲ್ಕನೆಯದಕ್ಕೆ ಈಗಲೇ ಕೈಹಾಕಕೂಡದು. ಅವಸರದವರು ಎಡವುವುದೇ ಇಲ್ಲಿ. ಮೊದಲ ಮೂರು ಚಿತ್ರಗಳು ಮೈಸೂರು ರಾಜ್ಯದವು. ನಾಲ್ಕನೆಯದು ಕರ್ನಾಟಕದ್ದು, ರಾಜ್ಯಕ್ಕೆ ಆ ಹೆಸರು ಬಂದುದು 1973ರ ನವೆಂಬರ್ 1ರಂದು. ಈ ಒಂಬತ್ತು ವರ್ಷಗಳಲ್ಲಿ ನಿರ್ದೇಶಕರೂ ಬದಲಾದರು. ಪಿಸ್ತೂಲನ್ನು ಬದಿಗಿಟ್ಟು 1971ರಲ್ಲಿ 'ಕಸ್ತೂರಿ ನಿವಾಸ' ಮಾಡಿದರು. 1974ರಲ್ಲಿ ವಾಣಿಯವರ ಕಾದಂಬರಿಯಿಂದ 'ಎರಡು ಕನಸು', 1976ರಲ್ಲಿ ಭಾರತೀಸುತರ ಕಾದಂಬರಿಯಿಂದ 'ಬಯಲು ದಾರಿ'. ಮುಂದೆ 1981ರಲ್ಲಿ ತ.ರಾ.ಸು. ಅವರ 'ಗಾಳಿಮಾತು' ಕೂಡ ಇವರ ಕೈಯಲ್ಲಿಯೇ ಚಿತ್ರವಾಯಿತು. ಇವೆಲ್ಲವನ್ನೂ ನೋಡಲು ಬಿಡುವಿಲ್ಲದಿದ್ದರೆ 'ಕಸ್ತೂರಿ ನಿವಾಸ' ಒಂದೇ ಸಾಕು. ಕೈಬಿಚ್ಚಿ ಕೊಟ್ಟು ಕೊಟ್ಟು ಬರಿದಾಗುವ ಆ ಮನುಷ್ಯನನ್ನು ಕಂಡ ಮೇಲೆ ಗೂಢಚಾರನ ಮುಖ ಬೇರೆಯೇ ಆಗಿ ತೋರುತ್ತದೆ.

ಜೊತೆಗೆ 1974ರ 'ಸಂಪತ್ತಿಗೆ ಸವಾಲ್' ಇರಲಿ. ಮೊದಲ ಮೂರರಲ್ಲಿ ನಾಯಕನ ಹಾಡುಗಳಿಗೆ ಕಂಠ ಪಿ.ಬಿ. ಶ್ರೀನಿವಾಸ್ ಅವರದು. 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆಯ ಮೇಲೆ ಕುಳಿತು ರಾಜಕುಮಾರ್ ತಾವೇ ಹಾಡಿದ ಮೇಲೆ ಕನ್ನಡದ ಕಿವಿ ಬೇರೆ ಧ್ವನಿಯನ್ನು ಒಪ್ಪದಾಯಿತು. ಈ ಸಂಗತಿಯನ್ನು ಬಲ್ಲವನಿಗೆ ನಾಲ್ಕನೆಯ ಚಿತ್ರದ ಆ ಇಂಗ್ಲಿಷ್ ಗೀತೆ ಕೇವಲ ವಿನೋದವಾಗಿ ಕೇಳಿಸದು. ನಾಟಕ ಕಂಪೆನಿಯಲ್ಲಿ ಪಳಗಿದ, ಶಾಲೆಯ ಓದು ಹೆಚ್ಚಿಲ್ಲದ ಕಲಾವಿದನೊಬ್ಬ ನಲವತ್ತೊಂಬತ್ತರ ವಯಸ್ಸಿನಲ್ಲಿ, ತನ್ನದಲ್ಲದ ಭಾಷೆಯನ್ನು ಸ್ವಂತ ಕೊರಳಿನಲ್ಲಿ ಹಾಡಿದ ಧೈರ್ಯ ಅದು.

ಈಗ 'ಡೈಮಂಡ್ ರ‍್ಯಾಕೆಟ್'. ವರ್ಣ ಬಂದಿದೆ, ನೇಪಾಳದ ಕಠ್ಮಂಡು ಬಂದಿದೆ, ಪ್ರಾಯ ಸರಿದಿದೆ. ಚಿತ್ರವಾಗಿ ಇದು ಮೊದಲನೆಯದಕ್ಕಿಂತ ಸಡಿಲವೆಂದು ಹೇಳಿದರೆ ಅಭಿಮಾನಿಗಳು ಮುನಿದಾರು; ಆದರೂ ಹೇಳಲೇಬೇಕು. ಕೊನೆಯಲ್ಲಿಟ್ಟು ನೋಡಿದರೆ ಆ ಸಡಿಲವೇ ಹಳೆಯ ಗೆಳೆಯನೊಬ್ಬನ ಪುನರಾಗಮನದಂತೆ ಹಿತವಾಗಿರುತ್ತದೆ. ಮತ್ತೆ 999 ಬರಲಿಲ್ಲ. ದೊರೈರಾಜ್ 2000ದಲ್ಲಿ, ರಾಜಕುಮಾರ್ 2006ರಲ್ಲಿ, ಎಸ್.ಕೆ. ಭಗವಾನ್ 2023ರಲ್ಲಿ ತೀರಿಕೊಂಡರು.

ಏಳು ಸಂಜೆಗಳ ಈ ಏರ್ಪಾಡು ಎಲ್ಲರಿಗೂ ಸಾಧ್ಯವಲ್ಲ. ರಜೆಗೆ ಬಂದ ಮೊಮ್ಮಕ್ಕಳು ಅಷ್ಟು ದಿನ ನಿಲ್ಲುವುದೂ ಇಲ್ಲ. ಎರಡೇ ಸಂಜೆ ಸಿಕ್ಕಿದರೆ ಮೊದಲ ದಿನ ಕಣ್ಣಪ್ಪ, ಮರುದಿನ 'ಜೇಡರ ಬಲೆ'. ಹಾಡನ್ನು ಅವರು ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಕೇಳಿಕೊಳ್ಳಲಿ.