ಯಾರೂ ಬರೆಯದ ಅಕ್ಷರ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯಾವ ಅಂಕಿಗೆ ಯಾವ ಅಕ್ಷರ ಎಂದು ಮನುಷ್ಯರೇ ಕೂತು ಪಟ್ಟಿ ಮಾಡಬೇಕು. ಆ ಪಟ್ಟಿ ನೋಡಿ ಫಾಂಟ್ ಮಾಡುವವರು ಆಕಾರ ಬಿಡಿಸುತ್ತಾರೆ. ಜಪಾನ್ 1978ರಲ್ಲಿ ಇಂಥದೊಂದು ರಾಷ್ಟ್ರೀಯ ಪಟ್ಟಿ ಹೊರತಂದಿತು. ಅದರಲ್ಲಿ ಚೀನಾ ಮೂಲದ ಕಾಂಜಿ ಅಕ್ಷರಗಳೇ 6,349. ಪ್ರತಿಯೊಂದಕ್ಕೂ ಸಾಲಿನದೊಂದು, ಮನೆಯದೊಂದು ಅಂಕಿ.

ಪಟ್ಟಿ ಯಂತ್ರಗಳಿಗೆ ಇಳಿದ ಮೇಲೆ ನಿಘಂಟುಕಾರರಿಗೆ ತಲೆನೋವು ಶುರುವಾಯಿತು. ಕೆಲವು ಅಕ್ಷರಗಳು ಯಾವ ನಿಘಂಟಿನಲ್ಲೂ ಸಿಗಲಿಲ್ಲ. ಅರ್ಥವಿಲ್ಲ, ಉಚ್ಚಾರವಿಲ್ಲ, ಬಳಸಿದವರ ಸುಳಿವಿಲ್ಲ. ಆದರೂ ದೇಶದ ಕಂಪ್ಯೂಟರುಗಳೆಲ್ಲ ಅವನ್ನು ಚೊಕ್ಕಟವಾಗಿ ತೋರಿಸುತ್ತಿದ್ದವು. ಜನ ಅವನ್ನು ದೆವ್ವದ ಅಕ್ಷರಗಳೆಂದು ಕರೆದರು. ಯಾವ ಅಕ್ಷರವನ್ನು ಎಲ್ಲಿಂದ ತಂದೆವು ಎಂದು ಪಟ್ಟಿ ಮಾಡಿದವರು ಸರಿಯಾಗಿ ಬರೆದಿಟ್ಟಿರಲಿಲ್ಲ. ನನ್ನ ಲೆಕ್ಕದಲ್ಲಿ ನಿಜವಾದ ತಪ್ಪು ಅದೇ.

ಪಟ್ಟಿಯ 1997ರ ಪರಿಷ್ಕರಣೆಗೆ ಕೂತ ಸಮಿತಿಗೆ ಕೋಜಿ ಶಿಬಾನೊ ಅಧ್ಯಕ್ಷರು. ಮೂಲ ಹುಡುಕುವ ಕೆಲಸ ಬಹುಮಟ್ಟಿಗೆ ಹಿರೊಯುಕಿ ಸಸಹರಾ ಎಂಬ ಕಾಂಜಿ ವಿದ್ವಾಂಸರ ಪಾಲಿಗೆ ಬಂತು. ಹಳೆಯ ಸಮಿತಿ ನಾಲ್ಕು ಪಟ್ಟಿಗಳನ್ನು ಆಧಾರವಾಗಿ ಇಟ್ಟುಕೊಂಡಿತ್ತು. ಅದರಲ್ಲೊಂದು ದೇಶದ ಊರು ಕೇರಿಗಳ ಹೆಸರಿನ ದಪ್ಪ ಕೈಪಿಡಿಯಿಂದ ಆರಿಸಿದ್ದು. ಸಸಹರಾ ಆ ಕೈಪಿಡಿಯ ಹಳೆಯ ಆವೃತ್ತಿ ಹಿಡಿದು ಪುಟ ಪುಟವನ್ನೂ ಓದಿದರು. ದೆವ್ವಗಳೆಂದುಕೊಂಡಿದ್ದ ಎಷ್ಟೋ ಅಕ್ಷರಗಳು ಸಣ್ಣ ಸಣ್ಣ ಹಳ್ಳಿಗಳ ಹೆಸರಿನಲ್ಲಿ ಜೀವಂತವಾಗಿ ಸಿಕ್ಕವು!

ಅವುಗಳ ನಡುವೆ ಒಂದು ಸಿಕ್ಕಿದ ರೀತಿ ಪತ್ತೇದಾರಿ ಕತೆಗೆ ಕಡಿಮೆಯಿಲ್ಲ. ಪಟ್ಟಿಯಲ್ಲಿದ್ದ ಆಕಾರ ಹೀಗಿತ್ತು: ಮೇಲೆ ಬೆಟ್ಟದ ಚಿಹ್ನೆ, ಕೆಳಗೆ ಹೆಣ್ಣಿನ ಚಿಹ್ನೆ, ನಡುವೆ ಒಂದು ಅಡ್ಡಗೆರೆ. ಶಿಗಾ ಪ್ರಾಂತ್ಯದ ತಾಗಾದಲ್ಲಿ ಅಕೆಂಬರಾ ಎಂಬ ಜಾಗವಿದೆ. ಅದರ ಹೆಸರಿನಲ್ಲಿ ಬೆಟ್ಟವೂ ಇದೆ, ಹೆಣ್ಣೂ ಇದ್ದಾಳೆ, ಗೆರೆ ಮಾತ್ರ ಇಲ್ಲ. ಮತ್ತೆ ಗೆರೆ ಬಂದದ್ದೆಲ್ಲಿಂದ? ಅಚ್ಚಿನಲ್ಲಿ ಆ ಅಕ್ಷರ ಸಿಗದೆ, ಪಟ್ಟಿ ತಯಾರಿಸಿದವರು ಎರಡು ಬೇರೆ ಅಕ್ಷರಗಳನ್ನು ಕತ್ತರಿಸಿ ಒಂದರ ಕೆಳಗೊಂದು ಅಂಟಿಸಿದ್ದರು. ಕಾಗದದ ಅಂಚಿನ ನೆರಳು ಪ್ರತಿಯಲ್ಲಿ ಗೆರೆಯಾಗಿ ಮೂಡಿತ್ತು. ಮುಂದೆ ನಕಲು ಮಾಡಿದವರು ಆ ನೆರಳಿಗೂ ಶಾಯಿ ಹಾಕಿದರು.

ನೆರಳು ಸೇರಿದ ಅಕ್ಷರ ಜಪಾನಿನ ಪಟ್ಟಿಯ ಮೂಲಕ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಾದ ಯೂನಿಕೋಡಿಗೂ ಹೋಯಿತು. ಸರಿಯಾದ ಅಕ್ಷರಕ್ಕೆ ಅಲ್ಲಿ ಜಾಗ ಸಿಗಲು 2001 ಬರಬೇಕಾಯಿತು. ಈಗ ಎರಡೂ ಇವೆ.

ಇಷ್ಟೆಲ್ಲ ಹುಡುಕಿದ ಮೇಲೂ ಸಮಿತಿಯ ಕೈಯಲ್ಲಿ ಹನ್ನೆರಡು ಅಕ್ಷರಗಳು ಉಳಿದವು. ಹನ್ನೊಂದಕ್ಕೆ ಇಂಥದರ ತಪ್ಪು ನಕಲಿರಬೇಕು ಎಂಬಂಥ ಒಂದಲ್ಲ ಒಂದು ವಿವರಣೆ ಹೊಂದಿತು. ಹನ್ನೆರಡನೆಯದು 55ನೇ ಸಾಲಿನ 27ನೇ ಮನೆಯದು. ಎಡಗಡೆ ಬಿಲ್ಲಿನ ಚಿಹ್ನೆ. ಅದರ ಮೂಲ ಮಾತ್ರ ಯಾರಿಗೂ ಸಿಕ್ಕಲಿಲ್ಲ.

ಹಾಗಾದರೆ ತೆಗೆದುಹಾಕಬಹುದಲ್ಲ? ಆಗದು. ಒಮ್ಮೆ ಕೊಟ್ಟ ಅಂಕಿಯನ್ನು ಹಿಂದಕ್ಕೆ ಪಡೆದರೆ ಅದನ್ನು ಬಳಸಿದ ಹಳೆಯ ಕಡತ ಕೆಡುತ್ತದೆ. ಯೂನಿಕೋಡಿನ ನಿಯಮವೂ ಅದೇ: ಸೇರಿದ ಅಕ್ಷರ ಹೊರಹೋಗುವಂತಿಲ್ಲ. ಹಾಗಾಗಿ ಜಪಾನಿ ಫಾಂಟ್ ಮಾಡುವವರು ಇಂದಿಗೂ ಆ ಬಿಲ್ಲನ್ನು ಶ್ರದ್ಧೆಯಿಂದ ಬಿಡಿಸುತ್ತಾರೆ. ಅರ್ಥ ಕೊಡಲಾಗದ ಕಾಂಜಿ ನಿಘಂಟುಗಳು ಅದರ ಬಲಭಾಗ ನೋಡಿ ‘ಕ’ ಎಂಬ ಉಚ್ಚಾರವನ್ನಾದರೂ ಕೊಟ್ಟಿವೆ.