ಅರ್ಧಕ್ಕೆ ನಿಂತ ಹೊಲಿಗೆ

ಬ್ಯಾಂಕಿನ ಸೇವೆಯಲ್ಲಿ ಇಪ್ಪತ್ತು ವರ್ಷ ಸವೆಸಿದ ನನ್ನಂಥವಳು ಸಂಘದ ಸ್ಮರಣ ಸಂಚಿಕೆಗೆ ಉಳಿತಾಯದ ಬಗೆಗೋ ಗೃಹಸಾಲದ ಬಗೆಗೋ ಬರೆಯುವುದು ವಾಡಿಕೆ. ಈ ಬಾರಿ ಸಂಪಾದಕರ ಅನುಮತಿ ಪಡೆದು ಹೊಲಿಗೆಯ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ. ಇದರಲ್ಲಿಯೂ ಬಾಕಿಯ ಪ್ರಸ್ತಾಪವಿದೆ. ಆದರೆ ಆ ಬಾಕಿ ನನ್ನದೇ.

ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಮಂಚದ ಕೆಳಗೆ ಒಂದು ಟ್ರಂಕು ಇರುವುದು ನಮ್ಮವರಿಗೆ ಹೊಸತಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ತುಂಬಿದ್ದುದು ಅರ್ಧಕ್ಕೆ ನಿಂತ ಹೊಲಿಗೆ. 2022ರ ಬೇಸಿಗೆಯ ಒಂದು ಭಾನುವಾರ ಅದನ್ನು ಹೊರಗೆಳೆದು ಎಣಿಸಿದೆ: ಹದಿನೇಳು ಬಾಬತ್ತುಗಳು. ಮಗಳು ಮೂರನೆಯ ತರಗತಿಯಲ್ಲಿದ್ದಾಗ ಅವಳ ಅಳತೆಗೆ ಕತ್ತರಿಸಿದ ಫ್ರಾಕು ಅದರಲ್ಲಿತ್ತು. ಆ ಹೊತ್ತಿಗೆ ಮಗಳು ಕಾಲೇಜು ಸೇರಿದ್ದಳು. ಯಜಮಾನರ ಕುರ್ತಾಕ್ಕೆ ಒಂದೇ ತೋಳು ಹತ್ತಿತ್ತು. ನಾದಿನಿಯ ಎರಡು ರವಿಕೆ, ಅಂಚು ಮಡಿಸದ ಪರದೆಗಳು, ದಿಂಬಿನ ಚೀಲಗಳು. ಎಲ್ಲಕ್ಕಿಂತ ಕೆಳಗೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಅವ್ವನ ಖಣ.

ಖಣವೆಂದರೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಕುಪ್ಪಸದ ಬಟ್ಟೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇಳಕಲ್ ಸೀರೆಯೊಡನೆ ಅದೇ ಜೊತೆ. ಉಡಿ ತುಂಬುವಾಗಲೂ ಅದೇ ಬೇಕು. 2019ರ ಶ್ರಾವಣದಲ್ಲಿ ಊರಿಗೆ ಹೋದಾಗ ಅವ್ವ ಅದನ್ನು ನನ್ನ ಕೈಗಿತ್ತು, “ನಿನ್ನ ಕೈಲೇ ಒಂದು ಕುಬಸ ಹೊಲಿ. ಅವಸರ ಇಲ್ಲವ್ವಾ, ನಿನಗ ಪುರಸೊತ್ತು ಆದಾಗ ಹೊಲಿ” ಎಂದಿದ್ದಳು. ಮುಂಬಯಿಗೆ ಬಂದವಳೇ ಅವಳ ಅಳತೆಗೆ ಕತ್ತರಿಸಿದೆ. ಮುಂದೆ ಬೇಕಾದರೆ ಬಿಚ್ಚಿಕೊಳ್ಳಲೆಂದು ಬಗಲಲ್ಲಿ ಒಂದು ಅಂಗುಲ ಬಟ್ಟೆಯನ್ನೂ ಬಿಟ್ಟೆ. ಕೆಲಸ ಅಲ್ಲಿಗೇ ನಿಂತಿತು. ಪುರಸೊತ್ತು ಆಗುವುದರೊಳಗೆ, 2022ರ ಸಂಕ್ರಾಂತಿಯ ಹಿಂದಿನ ವಾರ ಅವ್ವ ತೀರಿಕೊಂಡಳು.

ಆ ಭಾನುವಾರ ಗಂಟು ಬಿಚ್ಚಿ ನೋಡಿದರೆ, ಕತ್ತರಿಸಿದ ಅಂಚಿನಿಂದ ಎಳೆಗಳು ಉಚ್ಚಿ ಉಚ್ಚಿ ಅರ್ಧ ಅಂಗುಲ ಬಟ್ಟೆ ಕರಗಿಹೋಗಿತ್ತು. ಕಂತು ಬಾಕಿಯಾಗಿ 90 ದಿನ ಮೀರಿದ ಸಾಲವನ್ನು ಅನುತ್ಪಾದಕ ಆಸ್ತಿಯೆಂದು ವರ್ಗೀಕರಿಸುವ ನಿಯಮ ನಮ್ಮ ಬ್ಯಾಂಕುಗಳಲ್ಲಿ 2004ರ ಮಾರ್ಚಿನಿಂದ ಜಾರಿಯಲ್ಲಿದೆ. ಆ ಲೆಕ್ಕದಲ್ಲಿ ನನ್ನ ಟ್ರಂಕಿನ ಹದಿನೇಳೂ ಅನುತ್ಪಾದಕ. ನೂರಾರು ಜನರ ಬಾಕಿಯನ್ನು ವಿಚಾರಿಸುವ ನಾನು ಸ್ವಂತದ ಬಾಕಿಯನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ಮೂಲೆ ಹಿಡಿದ ಯಂತ್ರ

ಈ ಬಾಕಿಗೆ ಸಮಯದ ಅಭಾವವೊಂದೇ ಕಾರಣವಲ್ಲ. ಹಿಂದಿನ ದೀಪಾವಳಿಗೆ ಕೊಂಡ ನಾಲ್ಕು ನೂಲಿನ ಓವರ್‌ಲಾಕ್ ಯಂತ್ರವೊಂದು ಟವಲು ಹೊದ್ದು ಮೂಲೆಯಲ್ಲಿ ಕುಳಿತಿತ್ತು. ಅಂಗಡಿಯಿಂದ ಬಂದ ಹುಡುಗ ನೂಲು ಪೋಣಿಸಿ, ಒಂದು ಗೇಣು ಹೊಲಿದು ತೋರಿಸಿ ಹೋಗಿದ್ದ. ಮೂರನೆಯ ದಿನ ನೂಲು ಹರಿಯಿತು. ಮತ್ತೆ ಪೋಣಿಸಲು ಬಾರದೆ ಟವಲು ಹೊದಿಸಿದೆ. ಅಂಚು ಕಟ್ಟುವ ಯಂತ್ರ ಮನೆಯಲ್ಲಿಯೇ ಇದ್ದೂ ಖಣದ ಅಂಚು ಕರಗುತ್ತಿತ್ತು.

ಇದು ಎಂಥ ಯಂತ್ರವೆಂದು ತಿಳಿಯದವರಿಗಾಗಿ ಸ್ವಲ್ಪ ವಿವರ. ಎಲಿಯಾಸ್ ಹೋವ್ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ಹೊಲಿಗೆಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟು ಪಡೆದರು. ಯಂತ್ರಗಳ ಬಗೆಗೆ ಅಷ್ಟಾಗಿ ಒಲವಿಲ್ಲದ ಗಾಂಧೀಜಿಯವರು ಸಹ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ನೀಡಿದ್ದರೆಂಬುದು ಪ್ರಸಿದ್ಧ. ಈ ಸಾಮಾನ್ಯ ಯಂತ್ರ, ಮೇಲಿನ ಸೂಜಿಯ ನೂಲು ಹಾಗೂ ಕೆಳಗಿನ ಬಾಬಿನ್ ನೂಲು ಒಂದನ್ನೊಂದು ಹಿಡಿಯುವಂತೆ ಹೊಲಿಯುತ್ತದೆ. ಬಟ್ಟೆಯ ಹಸಿ ಅಂಚನ್ನು ಅದು ಕಾಯಲಾರದು. ಆ ಕೊರತೆಯನ್ನು ನೀಗಿದ ಓವರ್‌ಲಾಕ್ ಯಂತ್ರ 1880ರ ದಶಕದಲ್ಲಿ ಕನೆಕ್ಟಿಕಟ್ ಸಂಸ್ಥಾನದ ಮೆರೋ ಮನೆತನದವರ ಹೆಣಿಗೆ ಕಾರ್ಖಾನೆಯಲ್ಲಿ ರೂಪುಗೊಂಡಿತು. ಅಮೆರಿಕದವರು ಇದನ್ನು ಸರ್ಜರ್ ಎನ್ನುತ್ತಾರೆ. ನಮ್ಮ ಗಲ್ಲಿಗಳ ‘ಪೀಕೋ, ಫಾಲ್, ಇಂಟರ್‌ಲಾಕ್’ ಎಂಬ ಫಲಕಗಳಲ್ಲಿನ ಇಂಟರ್‌ಲಾಕ್ ಇದೇ.

ಇದರಲ್ಲಿ ಬಾಬಿನ್ ಇಲ್ಲ. ಅದರ ಬದಲು ಮೇಲೊಂದು, ಕೆಳಗೊಂದು ಲೂಪರ್ ಎಂಬ ಕೊಕ್ಕೆಗಳಿವೆ. ಸೂಜಿಯ ಮುಂಭಾಗದಲ್ಲಿರುವ ಚಾಕು ಬಟ್ಟೆಯ ಅಂಚನ್ನು ಸಮನಾಗಿ ಕತ್ತರಿಸುತ್ತದೆ. ಒಡನೆಯೇ ಲೂಪರುಗಳು ಆ ಅಂಚಿಗೆ ನೂಲು ಸುತ್ತುತ್ತವೆ. ಸೂಜಿಯ ನೂಲು ಅದನ್ನು ಬಟ್ಟೆಗೆ ಬಂಧಿಸುತ್ತದೆ. ಕತ್ತರಿಸುವುದು, ಹೊಲಿಯುವುದು, ಅಂಚು ಕಟ್ಟುವುದು ಮೂರೂ ಒಂದೇ ಓಟದಲ್ಲಿ. ಮನೆಬಳಕೆಯ ಯಂತ್ರವೂ ನಿಮಿಷಕ್ಕೆ ಸಾವಿರಕ್ಕಿಂತ ಹೆಚ್ಚು ಹೊಲಿಗೆ ಹಾಕಬಲ್ಲದು. ನಾವು ಅಂಜುವುದು ಈ ವೇಗಕ್ಕೆ ಮತ್ತು ಈ ನಾಲ್ಕು ನೂಲಿಗೆ.

ಮೊದಲು ಲೆಕ್ಕ

ಯಂತ್ರಕ್ಕಿಂತ ಮೊದಲು ಟ್ರಂಕಿಗೆ ಕೈ ಹಾಕಿದೆ. ಇನ್ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಐದು ಕಲಮು ಗೆರೆ ಎಳೆದೆ: ಬಟ್ಟೆ ಬಂದ ತಾರೀಕು, ಯಾರದು, ಎಲ್ಲಿಗೆ ನಿಂತಿದೆ, ಏನು ಸಾಮಾನು ಬೇಕು, ಮುಗಿಸಬೇಕಾದ ತಾರೀಕು. ಹದಿನೇಳನ್ನೂ ಬರೆದ ಮೇಲೆ ಮೂರು ಪಾಲು ಮಾಡಿದೆ. ಮಗಳ ಫ್ರಾಕಿನಂತೆ ಕಾಲ ಮೀರಿದವು ನಾಲ್ಕು. ಅವುಗಳನ್ನು ವಜಾ ಹಾಕಿದೆ. ಬಿಚ್ಚಿ ದಿಂಬಿನ ಚೀಲಕ್ಕೂ ಕೈವಸ್ತ್ರಕ್ಕೂ ಬಳಸಿದೆ. ಹೀಗೆ ಕೈಬಿಡುವುದಕ್ಕೆ ಮನಸ್ಸು ಹಿಂಜರಿಯುತ್ತದೆ. ಆದರೆ ವಸೂಲಾಗದ ಸಾಲವನ್ನು ಪುಸ್ತಕದಲ್ಲಿ ಹೊತ್ತು ತಿರುಗುವುದರಿಂದ ಬ್ಯಾಂಕಿಗೂ ಕ್ಷೇಮವಿಲ್ಲ, ಮನೆಗೂ ಇಲ್ಲ. ಒಂದು ಗಂಟೆಯಲ್ಲಿ ಮುಗಿಯುವಂಥವು ಐದು. ಉಳಿದ ಎಂಟು ದೊಡ್ಡ ಕೆಲಸಗಳು.

ಪ್ರತಿಯೊಂದು ಕೆಲಸಕ್ಕೂ ಒಂದೊಂದು ಪಾರದರ್ಶಕ ಚೀಲ. ಅದರೊಳಗೆ ಬಟ್ಟೆ, ಅಸ್ತರು, ಗುಂಡಿ ಅಥವಾ ಹುಕ್ಕು, ಹೊಂದುವ ನೂಲು, ಅಳತೆಯ ಚೀಟಿ. ಕೆಲಸಕ್ಕೆ ಕುಳಿತಾಗ ನೂಲಿಗಾಗಿ ಅರ್ಧ ಗಂಟೆ ಹುಡುಕಿ ಬೇಸತ್ತು ಏಳುವುದು ಇದರಿಂದ ತಪ್ಪಿತು. ಏನೇನು ಕಡಿಮೆ ಇದೆಯೆಂದು ನೋಟುಬುಕ್ಕೇ ಹೇಳುವುದರಿಂದ ಮಂಗಳದಾಸ್ ಮಾರ್ಕೆಟ್ಟಿನ ಕಡೆಗೆ ತಿಂಗಳಿಗೊಮ್ಮೆ ಹೋದರೆ ಸಾಕಾಗುತ್ತಿತ್ತು. ಹೊಸ ಹತ್ತಿ ಬಟ್ಟೆಯಾದರೆ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಚೀಲಕ್ಕೆ. ಮೊದಲೇ ಕುಗ್ಗಿದ ಬಟ್ಟೆ ಹೊಲಿದ ಮೇಲೆ ಮೋಸ ಮಾಡುವುದಿಲ್ಲ.

ಕೆಲಸವನ್ನು ಉಡುಪಿಗೊಂದರಂತೆ ಮಾಡದೆ ಹಂತಕ್ಕೊಂದರಂತೆ ಮಾಡುವುದು ನಾನು ಕಲಿತ ಎರಡನೆಯ ಪಾಠ. ಒಂದು ಭಾನುವಾರ ನಾಲ್ಕು ಬಟ್ಟೆ ಕತ್ತರಿಸುವುದು; ವಾರದ ನಡುವೆ ರಾತ್ರಿ ಅರ್ಧ ಗಂಟೆ ಟಾಕು ಹಾಕುವುದು; ಮುಂದಿನ ಭಾನುವಾರ ಒಂದೇ ಬಣ್ಣದ ನೂಲಿಗೆ ಸೇರಿದುದನ್ನೆಲ್ಲ ಓವರ್‌ಲಾಕ್ ಮಾಡುವುದು. ನೂಲು ಬದಲಿಸುವುದೇ ಈ ಯಂತ್ರದ ದೊಡ್ಡ ತೊಡಕಾದ್ದರಿಂದ ಬಣ್ಣದ ಪ್ರಕಾರ ಗುಂಪು ಮಾಡಿಕೊಂಡರೆ ಅರ್ಧ ಕಷ್ಟ ಪರಿಹಾರ. ಪ್ರತಿ ಸೀರೆಗೆ ಹೊಂದುವ ನಾಲ್ಕು ನಾಲ್ಕು ರೀಲು ಕೊಳ್ಳಬೇಕಾಗಿಲ್ಲ. ಕೆನೆಬಣ್ಣ, ಬೂದಿ, ಕಪ್ಪು ಈ ಮೂರಿದ್ದರೆ ಸಾಮಾನ್ಯವಾಗಿ ಎಲ್ಲಕ್ಕೂ ಸಾಲುತ್ತದೆ. ಇದೇ ಯಂತ್ರದಲ್ಲಿ ಜೋಡಣೆಯನ್ನೂ ಮಾಡುವಾಗ, ಹೊರಗಡೆ ಇಣುಕಬಹುದಾದ ಎಡಸೂಜಿಯ ನೂಲು ಮಾತ್ರ ಬಟ್ಟೆಗೆ ಹೊಂದಿದರಾಯಿತು.

ನಾಲ್ಕು ನೂಲು, ನಾಲ್ಕು ಬಣ್ಣ

ಯಂತ್ರದ ವಿದ್ಯೆಯನ್ನು ಹೇಳಿಕೊಟ್ಟವರು ನಮ್ಮ ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಪೀಕೋ-ಫಾಲ್ ಅಂಗಡಿ ನಡೆಸುವ ಮರಾಠಿ ಮಹಿಳೆ. ಮನೆಗೆ ಬಂದವರೇ ನನ್ನ ಯಂತ್ರದ ನಾಲ್ಕೂ ನೂಲನ್ನು ಸರಕ್ಕನೆ ಎಳೆದುಹಾಕಿಬಿಟ್ಟರು. ನನ್ನ ಮುಖ ನೋಡಿ, “ಘಾಬರೂ ನಕಾ, ತಾಯೀ” ಎಂದು ನಕ್ಕರು. ಅಂದು ಸಂಜೆ ಅವರೆದುರು ಹತ್ತು ಸಲ ಪೋಣಿಸಿದೆ, ಹತ್ತು ಸಲ ಬಿಚ್ಚಿದೆ. ಮೊದಲನೆಯ ಸಲ ಇಪ್ಪತ್ತೈದು ನಿಮಿಷ ಹಿಡಿಯಿತು. ಹತ್ತನೆಯ ಸಲ ಆರು. ಅಂಜಿಕೆ ಹೋದದ್ದು ಅಂದೇ. ಅವರ ಪಾಠದ ಸಾರವನ್ನು ಇಲ್ಲಿ ಕೊಡುತ್ತೇನೆ.

ಪೋಣಿಸುವ ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಕಾಲೊತ್ತಿಗೆಯನ್ನು ದೂರ ಸರಿಸಬೇಕು. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಮೇಲೆತ್ತಬೇಕು; ಆಗ ನೂಲು ಬಿಗಿತದ ತಟ್ಟೆಗಳ ನಡುವೆ ಸರಿಯಾಗಿ ಕೂರುತ್ತದೆ. ಮನೆಬಳಕೆಯ ಹೆಚ್ಚಿನ ಯಂತ್ರಗಳಲ್ಲಿ ಮೊದಲು ಮೇಲಿನ ಲೂಪರ್, ಬಳಿಕ ಕೆಳಗಿನ ಲೂಪರ್, ಕಡೆಯಲ್ಲಿ ಸೂಜಿಗಳು, ಇದೇ ಕ್ರಮ. ಕೆಳಗಿನ ಲೂಪರಿನ ನೂಲು ಹರಿದರೆ ಅದೊಂದನ್ನೇ ಪೋಣಿಸಿ ಮುಂದುವರಿಯಬಾರದು. ಸೂಜಿಗಳ ನೂಲನ್ನು ಹೊರತೆಗೆದು, ಲೂಪರನ್ನು ಪೋಣಿಸಿ, ಆಮೇಲೆ ಸೂಜಿಗೆ ಬರಬೇಕು. ಇಲ್ಲವಾದರೆ ನೂಲುಗಳು ಸಿಕ್ಕಿಕೊಂಡು ಮತ್ತೆ ಹರಿಯುತ್ತವೆ. ಮೂರನೆಯ ದಿನ ನನ್ನನ್ನು ಸೋಲಿಸಿದ್ದು ಇದೇ ತಪ್ಪು.

ಕಲಿಯುವಾಗ ನಾಲ್ಕು ಬೇರೆ ಬೇರೆ ಬಣ್ಣದ ನೂಲು ಹಾಕಿಕೊಳ್ಳಬೇಕು. ಮೇಲಿನ ಲೂಪರಿಗೆ ಕೆಂಪು, ಕೆಳಗಿನದಕ್ಕೆ ನೀಲಿ ಹಾಕಿ ಚಿಂದಿಯ ಮೇಲೆ ಹೊಲಿದು ನೋಡಿ. ಕೆಂಪು ಬಟ್ಟೆಯ ಮೇಲ್ಗಡೆ, ನೀಲಿ ಕೆಳಗಡೆ ಉಳಿದು ಎರಡೂ ಅಂಚಿನಲ್ಲಿಯೇ ಸಂಧಿಸಿದರೆ ಬಿಗಿತ ಸರಿಯಾಗಿದೆ. ಕೆಂಪು ಕೆಳಗಿನ ಬದಿಗೆ ಜಗ್ಗಿದರೆ ಮೇಲಿನ ಲೂಪರ್ ಸಡಿಲವಾಗಿದೆ ಅಥವಾ ಕೆಳಗಿನದು ತೀರ ಬಿಗಿಯಾಗಿದೆ. ನೀಲಿ ಮೇಲೆ ಹತ್ತಿ ಬಂದರೆ ಇದರ ವಿಪರ್ಯಾಸ. ಒಮ್ಮೆಗೆ ಒಂದೇ ತಿರುಪನ್ನು ಅರ್ಧ ಅಂಕೆಯಷ್ಟು ತಿರುಗಿಸಿ ಮತ್ತೆ ಹೊಲಿದು ನೋಡಬೇಕು. ನಾಲ್ಕನ್ನೂ ಒಟ್ಟಿಗೆ ತಿರುಗಿಸಿದವರಿಗೆ ತಪ್ಪು ಎಲ್ಲಿದೆಯೆಂದು ಎಂದೂ ತಿಳಿಯುವುದಿಲ್ಲ. ಲೆಕ್ಕ ತಾಳೆಯಾಗದಿದ್ದಾಗ ನಾವೂ ಒಂದೊಂದೇ ನಮೂದನ್ನು ನೋಡುತ್ತೇವಲ್ಲವೇ?

ಬಣ್ಣ ಬದಲಿಸುವಾಗ ಹಳೆಯ ನೂಲನ್ನು ರೀಲಿನ ಬಳಿ ಕತ್ತರಿಸಿ, ಹೊಸ ನೂಲಿನ ತುದಿಗೆ ಗಂಟು ಹಾಕಿ ನಿಧಾನವಾಗಿ ಎಳೆದುಕೊಳ್ಳಬಹುದು. ಸೂಜಿಯ ಕಣ್ಣಿಗೆ ಬರುವ ಮೊದಲು ಗಂಟನ್ನು ಕತ್ತರಿಸಿ ಕೈಯಿಂದ ಪೋಣಿಸಬೇಕು. ಗುಂಡುಸೂಜಿಗಳನ್ನು ಚಾಕುವಿನ ಹತ್ತಿರ ಬರಗೊಡಲೇಬಾರದು; ಚಾಕು ಹಾಳಾಗುತ್ತದೆ, ಮುರಿದ ಚೂರು ಕಣ್ಣಿಗೆ ಹಾರಬಹುದು. ಬಟ್ಟೆ ಮುಗಿದ ಮೇಲೂ ಮೂರು ಅಂಗುಲ ಸರಪಳಿ ಹೊಲಿದುಕೊಂಡು, ದಪ್ಪ ಸೂಜಿಯಿಂದ ಅದನ್ನು ಹೊಲಿಗೆಯೊಳಗೆ ತೂರಿಸಿದರೆ ತುದಿ ಬಿಚ್ಚುವುದಿಲ್ಲ.

ಒಂದು ಎಚ್ಚರಿಕೆ ನಮ್ಮ ರವಿಕೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಮೈ ತುಂಬಿದಾಗ ಬಿಚ್ಚಿಕೊಳ್ಳಲೆಂದು ನಾವು ಒಳಗೆ ಬಟ್ಟೆ ಬಿಡುತ್ತೇವೆ. ಬಗಲನ್ನು ನೇರವಾಗಿ ಈ ಯಂತ್ರದಲ್ಲಿ ಜೋಡಿಸಿದರೆ ಚಾಕು ಆ ಬಟ್ಟೆಯನ್ನು ಕತ್ತರಿಸಿಹಾಕುತ್ತದೆ. ಆದ್ದರಿಂದ ಬಿಡಿ ತುಂಡುಗಳ ಅಂಚನ್ನು ಮಾತ್ರ, ಬಿಚ್ಚಿದ ಎಳೆಯಷ್ಟೇ ಹೋಗುವಂತೆ ಓವರ್‌ಲಾಕ್ ಮಾಡಿ, ಜೋಡಣೆಯನ್ನು ಸಾಮಾನ್ಯ ಯಂತ್ರದಲ್ಲಿ ಮಾಡುವುದು ಕ್ಷೇಮ. ಕಾಜ, ಜಿಪ್ಪು, ಮೇಲುಹೊಲಿಗೆಗೂ ಹಳೆಯ ಯಂತ್ರವೇ ಬೇಕು.

ಮೈ ಬಗೆಗೂ ಗಮನವಿರಲಿ

ಹಗಲೆಲ್ಲ ಕುರ್ಚಿಯಲ್ಲಿ ಕೂತು ಬಂದವರು ರಾತ್ರಿ ಮತ್ತೆ ಬಗ್ಗಿ ಕುಳಿತರೆ ಬೆನ್ನು ದೂರುತ್ತದೆ. ಪಾದ ನೆಲಕ್ಕೂರಿ, ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿಯ ಎತ್ತರವಿರಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ಕಿಟಕಿಯಾಚೆ ದೂರಕ್ಕೆ ದೃಷ್ಟಿ ಹಾಯಿಸಬೇಕು. ನಲವತ್ತು ದಾಟಿದವರು ಲೂಪರಿನ ಕಣ್ಣು ಕಾಣಿಸದಿದ್ದರೆ ಯಂತ್ರವನ್ನು ಬಯ್ಯದೆ ಕಣ್ಣು ಪರೀಕ್ಷೆ ಮಾಡಿಸಿ ಚಾಳೀಸು ಹಾಕಿಕೊಳ್ಳುವುದು ಉತ್ತಮ. ಜೊತೆಗೆ ಒಂದು ಚಿಮಟವೂ ಪ್ರಖರವಾದ ದೀಪವೂ ಇರಲಿ. ಚಾಕು ಕತ್ತರಿಸಿದ ಬಟ್ಟೆಯ ಧೂಳು ಯಂತ್ರದೊಳಗೆ ಬಹಳ ಸೇರುತ್ತದೆ. ಅದನ್ನು ಬಾಯಿಂದ ಊದದೆ ಕುಂಚದಿಂದ ತೆಗೆಯಬೇಕು. ಉಬ್ಬಸ ಅಥವಾ ಧೂಳಿನ ಅಲರ್ಜಿ ಇರುವವರು ಮೂಗಿಗೆ ಮಾಸ್ಕು ಕಟ್ಟಿಕೊಳ್ಳುವುದು ಲೇಸು. ಚಿಕ್ಕಮಕ್ಕಳಿರುವ ಮನೆಯಲ್ಲಿ ಯಂತ್ರದ ಪ್ಲಗ್ಗು ಸದಾ ಕಿತ್ತಿರಲಿ.

ಉಳಿದ ಅರ್ಧ ಅಂಗುಲ

ಆ ವರ್ಷದ ದಸರೆಯ ಹೊತ್ತಿಗೆ ಹದಿನೇಳರಲ್ಲಿ ಹದಿನಾರು ಬಾಬತ್ತು ಮುಗಿದವು. ಖಣವನ್ನು ಬೇಕೆಂದೇ ಕಡೆಗೆ ಇಟ್ಟುಕೊಂಡಿದ್ದೆ. ಕೈ ಪಳಗಲಿ ಎಂದು. ಚಿಂದಿಯ ಮೇಲೆ ಮೂರು ಸಲ ಪರೀಕ್ಷಿಸಿ ಅದರ ಅಂಚು ಕಟ್ಟಿದೆ. ಅವ್ವನ ಅಳತೆಯನ್ನು ಬದಲಿಸದೆ, ಉಳಿದಿದ್ದ ಅರ್ಧ ಅಂಗುಲವನ್ನು ಒಳಗೇ ಬಿಟ್ಟು ಕುಪ್ಪಸ ಹೊಲಿದೆ. ದೀಪಾವಳಿಗೆ ಊರಿಗೆ ಹೋದಾಗ ಚಿಗವ್ವನಿಗೆ ಕೊಟ್ಟೆ. ಅವಳು ಅಕ್ಕನಿಗಿಂತ ತುಸು ದಪ್ಪ, ಬಗಲು ಬಿಗಿಯಾಯಿತು. ಅಲ್ಲಿಯೇ ಕುಳಿತು ಆ ಅರ್ಧ ಅಂಗುಲವನ್ನು ಬಿಚ್ಚಿಕೊಟ್ಟ ಮೇಲೆ ಸರಿಹೋಯಿತು. ಚಿಗವ್ವ ಕುಪ್ಪಸವನ್ನು ಒಳಮಗ್ಗುಲಾಗಿ ತಿರುವಿ, ಅಂಚಿನ ಮೇಲೆ ಬೆರಳಾಡಿಸಿ, “ಒಳಗೂ ಛಂದ ಐತಿ. ಅಕ್ಕ ನೋಡಬೇಕಾಗಿತ್ತು” ಎಂದಳು.

ಹೌದು, ಅವ್ವ ನೋಡಬೇಕಾಗಿತ್ತು. ಆ ಬಾಕಿಯನ್ನು ಯಾವ ಪುಸ್ತಕದಲ್ಲಿಯೂ ತೀರಿಸಲು ಬಾರದು. ಆದುದರಿಂದಲೇ ಈ ಲೇಖನ ಬರೆದೆ. ಓದುಗರಲ್ಲಿ ಅನೇಕರ ಮನೆಯಲ್ಲಿಯೂ ಊರಿನಿಂದ ಬಂದ ಒಂದು ಬಟ್ಟೆ “ಪುರಸೊತ್ತು ಆದಾಗ” ಎಂದು ಕಾದಿರಬಹುದು. ಕಲಿಯಲು ಅಂಜಿ ಬಟ್ಟೆ ಹೊದಿಸಿಟ್ಟ ಯಂತ್ರವೂ ಇರಬಹುದು. ಬರುವ ಭಾನುವಾರ ಟ್ರಂಕನ್ನು ಹೊರಗೆಳೆದು ಎಣಿಸಿ. ಒಂದನ್ನು ಆರಿಸಿ, ಒಂದು ತಾರೀಕು ಬರೆಯಿರಿ, ನಾಲ್ಕು ನೂಲಿನಲ್ಲಿ ಮೊದಲನೆಯದನ್ನು ಪೋಣಿಸಿ. ಉಳಿದ ಮೂರು ಅದರ ಹಿಂದೆಯೇ ಬರುತ್ತವೆ.